ಹಿಂದಿನ ರಿಮ್ ಸುಡುತ್ತಿತ್ತು, ಮುಂದಿನದು ತಣ್ಣಗಿತ್ತು

ಬುಧವಾರದಿಂದ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. "ಎಲ್ಲಿ, ಬೆರಳು ಬಿಡಿಸಿ ನೋಡೋಣ."

ನಂದಿ ಬೆಟ್ಟದಿಂದ ಸೈಕಲ್‌ನಲ್ಲಿ ಇಳಿಯುತ್ತಿದ್ದೆ. ಹತ್ತಿದ್ದು ಚೆನ್ನಾಗಿಯೇ ಹತ್ತಿದ್ದೆ. ಆದರೆ 1478 ಮೀಟರ್ ಎತ್ತರದ ಗಾಳಿಗೆ ಬೆವರು ಆರಿ ಮೈಯೆಲ್ಲ ಥಂಡಿ, ಜಾಕೆಟ್ ಬೇರೆ ತಂದಿರಲಿಲ್ಲ, ಇಳಿಯೋಕೆ ಶುರು ಮಾಡುವಾಗಲೇ ಕೈ ಮರಗಟ್ಟಿತ್ತು. ಬಲಕ್ಕೆ ತಿರುಗುವ ಒಂದು ಹೇರ್‌ಪಿನ್ ತಿರುವು ಬಂತು. ಎಡಗಡೆ ಅಂಚಿನಲ್ಲಿ ಮರಳು. ಮರಳು ಕಾಣಿಸಿತು, ಮರಳನ್ನೇ ನೋಡಿದೆ, ಮರಳಿಗೇ ಹೋದೆ. ಹಿಂದಿನ ಚಕ್ರ ಲಾಕ್ ಆಗಿ ಸರ್ರಂತ ಜಾರಿತು. ತಡೆಗೋಡೆಗೆ ಒಂದು ಮೊಳ ಇದೆ ಅನ್ನುವಾಗ ನಿಂತಿತು.

ನನ್ನ ಹಿಂದೆ ಬರುತ್ತಿದ್ದವರು ಅರುವತ್ತರ ಆಸುಪಾಸಿನ ಒಬ್ಬ ಹೆಂಗಸು. ಪರಿಚಯ ಇಲ್ಲ. ನಿಲ್ಲಿಸಿದರು, "ಪೆಟ್ಟಾಯ್ತಾ" ಅಂತ ಕೇಳಿದರು, ಇಲ್ಲ ಅಂದೆ. ಆಮೇಲೆ ಬೆರಳು ಬಿಡಿಸಲು ಹೇಳಿದ್ದು. ಬಿಡಿಸೋಕೆ ಹೋದರೆ ಆಗಲಿಲ್ಲ. ಎರಡೂ ಕೈ ಬ್ರೇಕ್ ಲಿವರ್ ಹಿಡಿದ ಆಕಾರದಲ್ಲೇ ಕೊಕ್ಕೆಯ ಹಾಗೆ ನಿಂತುಬಿಟ್ಟಿದ್ದವು. ಅವರು ಬಗ್ಗಿ ನನ್ನ ಎರಡೂ ರಿಮ್‌ಗಳ ಹತ್ತಿರ ಅಂಗೈ ಹಿಡಿದರು. "ಹಿಂದಿನದು ಕಾವಲಿ ಆಗಿದೆ. ಮುಂದಿನದು ತಣ್ಣಗಿದೆ. ಮುಂದಿನ ಬ್ರೇಕ್ ಹಿಡಿಯೋದೇ ಇಲ್ವಾ ನೀವು?"

ಇಲ್ಲ, ಹಿಡಿಯೋದೇ ಇಲ್ಲ. ಯಾಕೆ ಅಂದರೆ ಅಪ್ಪ ಹೇಳಿಕೊಟ್ಟಿದ್ದೇ ಹಾಗೆ. "ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ." ನಮ್ಮಲ್ಲಿ ಸೈಕಲ್ ಕಲಿತ ಎಷ್ಟೋ ಜನರ ಕಿವಿಯಲ್ಲಿ ಈ ಮಾತು ಇದ್ದೇ ಇರುತ್ತೆ, ಅಲ್ವಾ? ಅಪ್ಪ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಮೈಭಾರ ಮುಂದೆ ಹಾಕಿಕೊಂಡು ಒಮ್ಮೆಲೇ ಎಳೆದರೆ ಎಗರಿ ಬೀಳುವುದು ನಿಜ. ಆದರೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಹೋಗುತ್ತೆ, ಹಿಂದಿನದು ಹಗುರಾಗಿ ಸುಲಭವಾಗಿ ಜಾರುತ್ತೆ. ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದೇ ಮುಂದಿನದಕ್ಕೆ. ಅದನ್ನು ಬಿಟ್ಟು, ಜಾರುವ ಚಕ್ರವೊಂದನ್ನೇ ನಂಬಿಕೊಂಡು ಇಷ್ಟು ವರ್ಷ ಇಳಿದಿದ್ದೇನೆ. ವೇಗ ಎರಡು ಪಟ್ಟಾದರೆ ನಿಲ್ಲೋಕೆ ಬೇಕಾದ ದೂರ ನಾಲ್ಕು ಪಟ್ಟು ಅಂತ ಗೊತ್ತಿದ್ದೂ.

ಅವರು ಅಲ್ಲೇ ನಿಂತು ಹೇಳಿಕೊಟ್ಟರು. ಹ್ಯಾಂಡಲ್‌ನ ಕೆಳಗಿನ ಬಾಗು ಹಿಡಿಯಿರಿ, ಮೊಣಕೈ ಸಡಿಲ ಬಿಡಿ, ಸೀಟಿನಲ್ಲಿ ಸ್ವಲ್ಪ ಹಿಂದೆ ಸರಿಯಿರಿ. ತಿರುವಿಗೆ ಮುಂಚೆಯೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಬಲಕ್ಕೆ ತಿರುಗುವಾಗ ಎಡಗಾಲು ಕೆಳಗೆ, ಭಾರವೆಲ್ಲ ಆ ಪೆಡಲ್ ಮೇಲೆ. ಹೋಗಬೇಕಾದ ಕಡೆ ನೋಡಿ, ಹೆದರಿಕೆ ಆದ ಕಡೆ ನೋಡಬೇಡಿ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು, ಹಿಡಿದು ಬಿಡಿ, ಹಿಡಿದು ಬಿಡಿ. "ಹೆದರಿಕೆ ಇದ್ದರೆ ಇರಲಿ. ಬೆರಳಿಗೆ ಬರದ ಹಾಗೆ ನೋಡಿಕೊಳ್ಳಿ." ಅಷ್ಟು ಹೇಳಿ ಹೊರಟೇಹೋದರು. ಹೆಸರೂ ಕೇಳಲಿಲ್ಲ ನಾನು.

ನನ್ನ ಜೊತೆ ಬಂದಿದ್ದ ಗೆಳೆಯ ಕೆಳಗೆ ಟೀ ಕುಡಿಯುತ್ತಾ ಕಾಯುತ್ತಿದ್ದ. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಮೇಲೆ ಹೊರಡುವಾಗ ಅವನು ಹೇಳಿದ್ದು "ಹೆದರಬೇಡ, ಬ್ರೇಕ್ ಬಿಟ್ಟು ಸುಮ್ನೆ ಬಾ" ಅಂತ. 2022ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಟಾಮ್ ಪಿಡ್‌ಕಾಕ್ ಗಾಲಿಬಿಯೆ ಘಾಟಿ ಇಳಿದ ವಿಡಿಯೋ ಎಷ್ಟು ಸಲ ಕಳಿಸಿದ್ದಾನೋ. ಆ ರಸ್ತೆ ರೇಸಿಗಾಗಿ ಮುಚ್ಚಿರುತ್ತೆ. ನಂದಿಯಲ್ಲಿ ಎದುರಿಗೆ ಕಾರು ಬರುತ್ತೆ, ತಿರುವು ಕತ್ತರಿಸಿಕೊಂಡು ನಮ್ಮ ಬದಿಗೇ ಬರುತ್ತೆ, ಕೋತಿ ಅಡ್ಡ ಬರುತ್ತೆ. ಅಂಥದೇ ಕಾವಲಿದ್ದ ಇನ್ನೊಂದು ರೇಸಿನಲ್ಲೇ, 2023ರ ಜೂನ್‌ನಲ್ಲಿ ಸ್ವಿಟ್ಜರ್‌ಲೆಂಡ್‌ನ ಆಲ್ಬುಲಾ ಘಾಟಿ ಇಳಿಯುವಾಗ ಗಿನೋ ಮೇಡರ್ ಅನ್ನುವ ಸೈಕ್ಲಿಸ್ಟ್ ಕಮರಿಗೆ ಬಿದ್ದು ತೀರಿಕೊಂಡ. 26 ವರ್ಷ ಅವನಿಗೆ. ಇಳಿಜಾರು ಅವನ ಕಸುಬಿನ ಭಾಗವಾಗಿತ್ತು.

ಹೆದರಬೇಡ ಅನ್ನುವ ಮಾತು ಎಷ್ಟು ಖಾಲಿ ಅಂತ ಈ ವಾರ ಗೊತ್ತಾಯಿತು. ಈಜು ಕಲಿಯುವಾಗ, ಕಾರು ಕಲಿಯುವಾಗ, ಮೊದಲ ಸಲ ವೇದಿಕೆ ಹತ್ತುವಾಗ ಎಲ್ಲರೂ ಇದನ್ನೇ ಹೇಳಿದ್ದರು. ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು ಅಂತ ಹೇಳಿದವರು ಕಡಿಮೆ. ಹತ್ತುವುದಕ್ಕೆ ತಿಂಗಳುಗಟ್ಟಲೆ ತಯಾರಿ ಮಾಡುತ್ತೇವೆ, ಇಳಿಯುವುದು ತಾನಾಗೇ ಬರುತ್ತೆ ಅಂದುಕೊಂಡಿದ್ದೇವೆ.

ಶುಕ್ರವಾರ ಸಂಜೆ ನಮ್ಮ ಲೇಔಟಿನ ಖಾಲಿ ರಸ್ತೆಯಲ್ಲಿ ನೀರಿನ ಬಾಟಲಿ ಇಟ್ಟು ನೋಡಿದೆ. ಬಾಟಲಿ ದಾಟುತ್ತಲೇ ಬ್ರೇಕ್. ಹಿಂದಿನದು ಮಾತ್ರ ಹಿಡಿದಾಗ ಮೂರನೇ ಲೈಟ್ ಕಂಬದ ಹತ್ತಿರ ಹೋಗಿ ನಿಂತೆ. ಹಿಂದೆ ಸರಿದು ಕೂತು, ಮುಂದಿನದನ್ನೂ ಮೆಲ್ಲಗೆ ಒತ್ತುತ್ತಾ ಹೋದಾಗ ಎರಡನೇ ಕಂಬಕ್ಕೂ ಮುಂಚೆ ನಿಂತಿತು. ಪಲ್ಟಿ ಹೊಡೆಯಲಿಲ್ಲ. ಇಪ್ಪತ್ತು ಸಲ ಮಾಡಿದೆ, ಕತ್ತಲಾಗುವ ತನಕ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ನಮ್ಮಪ್ಪ ಹಾಗೇ ಹೇಳಿದ್ದು ಕಣೋ" ಅಂದರು.