ಸೂರಿಸ್‌ನಲ್ಲಿ ಅಂಥದ್ದೇನಿದೆ?

ಊರಿಂದ ಯಾರೇ ಕೆನಡಾದ ವಿನಿಪೆಗ್‌ಗೆ ಬರಲಿ, ನಾನು ಅವರನ್ನು ಒಂದು ದಿನ ಸೂರಿಸ್ ಎಂಬ ಪುಟ್ಟ ಊರಿಗೆ ಹೊರಡಿಸುತ್ತೇನೆ. ಕಾರಿನಲ್ಲಿ ಎರಡೂವರೆ ಗಂಟೆ ದಾರಿ. ಎರಡೂ ಕಡೆ ಗೋಧಿ, ಹಳದಿ ಹೂವಿನ ಕನೋಲಾ ಎಣ್ಣೆಬೀಜ, ಮತ್ತೆ ಗೋಧಿ. ಗುಡ್ಡ ಇಲ್ಲ, ತಿರುವಿಲ್ಲ. ಒಂದು ಗಂಟೆ ಕಳೆಯುವಷ್ಟರಲ್ಲಿ ಹಿಂದಿನ ಸೀಟಿನಿಂದ ಶುರುವಾಗುತ್ತದೆ: "ಅಲ್ಲ ಕಣೋ, ಅಲ್ಲಿ ಅಂಥದ್ದೇನಿದೆ?" ಹೋದ ಬೇಸಿಗೆಯಲ್ಲಿ ಕೇಳಿದ್ದು ನಮ್ಮ ಚಿಕ್ಕಪ್ಪ. ನಯಾಗರಾ ನೋಡಿ ಬಂದಿದ್ದರು, ಕೇಳದೇ ಇರ್ತಾರಾ?

ಒಂದು ತೂಗುಸೇತುವೆ, ಒಂದಷ್ಟು ಕಲ್ಲು, ಕೆಲವು ನವಿಲು. ಇಷ್ಟೇ ಇರುವುದು. ಆದರೆ ಕಥೆ ಶುರುವಾಗುವುದು ಹೊಳೆಯಿಂದ.

ಸೂರಿಸ್ ಎನ್ನುವುದು ಹೊಳೆಯ ಹೆಸರೂ ಹೌದು. ಫ್ರೆಂಚ್‌ನಲ್ಲಿ ಇಲಿ ಅಂತ ಅರ್ಥ. ಗಡಿಯಾಚೆ ಅಮೆರಿಕದಲ್ಲಿ ಇದನ್ನೇ ಮೌಸ್ ರಿವರ್ ಅನ್ನುತ್ತಾರೆ. ಸಸ್ಕ್ಯಾಚವಾನ್‌ನಲ್ಲಿ ಹುಟ್ಟಿ, ನಾರ್ತ್ ಡಕೋಟಾಕ್ಕೆ ಇಳಿದು, ಅಲ್ಲೇನೋ ಮರೆತವರ ಹಾಗೆ ತಿರುಗಿ ಕೆನಡಾಕ್ಕೇ ಬಂದು ಅಸಿನಿಬೋಯ್ನ್ ನದಿಯನ್ನು ಸೇರುತ್ತದೆ. ಈ ಬಯಲು ಅಸಿನಿಬೋಯ್ನ್ ಮತ್ತು ಡಕೋಟಾ ಎಂಬ ಮೂಲನಿವಾಸಿ ಜನ ಓಡಾಡಿದ ನೆಲ. ಆಮೇಲೆ ತುಪ್ಪುಳದ ಚರ್ಮದ ವ್ಯಾಪಾರಿಗಳು ಬಂದರು. ಭೂಪಟ ತಯಾರಿಸುತ್ತಿದ್ದ ಡೇವಿಡ್ ಥಾಂಪ್ಸನ್ 1797ರ ನವೆಂಬರ್ ಕೊನೆಯಲ್ಲಿ ಮಿಸೌರಿ ನದಿ ದಡದ ಮ್ಯಾಂಡನ್ ಜನರ ಹಳ್ಳಿಗಳಿಗೆ ಹೊರಟದ್ದು ಈ ಎರಡು ನದಿ ಕೂಡುವ ಜಾಗದಿಂದಲೇ. ನವೆಂಬರ್‌ನಲ್ಲಿ! ಇಲ್ಲಿನ ಚಳಿ ಕಂಡವರಿಗೆ ಆ ಮನುಷ್ಯನ ಧೈರ್ಯ ಗೊತ್ತಾಗುತ್ತದೆ.

ಊರು ಕಟ್ಟಿದ್ದು 1880ರ ದಶಕದಲ್ಲಿ. ವಿಲಿಯಂ ಸೌಡನ್ ಎಂಬಾತ ಒಂಟಾರಿಯೋದಿಂದ ಒಂದಷ್ಟು ಕುಟುಂಬಗಳನ್ನು ಕರೆತಂದು, ಪ್ಲಮ್ ಕ್ರೀಕ್ ಎಂಬ ಹಳ್ಳ ಹೊಳೆಗೆ ಸೇರುವಲ್ಲಿ ನೆಲೆಯೂರಿಸಿದ. ಮೊದಲು ಊರಿಗೂ ಹಳ್ಳದ್ದೇ ಹೆಸರಿತ್ತು. ಈಗ ಸುಮಾರು ಎರಡು ಸಾವಿರ ಜನ ಇರಬಹುದು. ಸೌಡನ್‌ಗೆ ಹೊಳೆಯ ಆಚೆ ದಡದಲ್ಲೂ ಜಮೀನಿತ್ತು. ಈಚೆ ಊರು, ಆಚೆ ಜಮೀನು, ನಡುವೆ ನೀರು. ಸುಮ್ನೆ ಇರಲಿಲ್ಲ ಪುಣ್ಯಾತ್ಮ. 1904ರಲ್ಲಿ ತಂತಿ ಹಗ್ಗ ಎಳೆಸಿ, ಹಲಗೆ ಹಾಸಿ, ನಡೆದು ದಾಟಲು ಒಂದು ತೂಗುಸೇತುವೆ ಮಾಡಿಸಿದ.

ಈ ಸೇತುವೆಯನ್ನು ಹೊಳೆ ಸುಲಭಕ್ಕೆ ಬಿಡಲಿಲ್ಲ. 1976ರ ನೆರೆಯಲ್ಲಿ ಕೊಚ್ಚಿಕೊಂಡು ಹೋಯಿತು. ಮತ್ತೆ ಕಟ್ಟಿದರು, 177 ಮೀಟರ್ ಉದ್ದಕ್ಕೆ. 2011ರಲ್ಲಿ ಬಂದದ್ದು ಇನ್ನೂ ದೊಡ್ಡ ನೆರೆ. ಮೇಲ್ಗಡೆ ನಾರ್ತ್ ಡಕೋಟಾದ ಮೈನಾಟ್ ಪಟ್ಟಣದಲ್ಲಿ ಜೂನ್‌ನಲ್ಲೇ ಸಾವಿರಾರು ಮನೆಗೆ ನೀರು ನುಗ್ಗಿತ್ತು. ಅದೇ ನೀರು ಗಡಿ ದಾಟಿ ಇಲ್ಲಿಗೆ ಬರುತ್ತಿದೆ ಅಂತ ಎಲ್ಲರಿಗೂ ಗೊತ್ತು. ಊರವರು, ಸ್ವಯಂಸೇವಕರು, ಸೈನಿಕರು ಸೇರಿ ಮರಳು ಮೂಟೆ ಪೇರಿಸಿದರು, ಮಣ್ಣಿನ ಒಡ್ಡು ಎತ್ತರಿಸಿದರು. ಆಗ ಸೇತುವೆಯೇ ಅಪಾಯವಾಯಿತು. ಏರಿದ ನೀರು ಅದನ್ನು ಹಿಡಿದು ಎಳೆದರೆ ತಂತಿ ಬಿಗಿದ ಕಂಬಗಳೇ ಕಿತ್ತು ಬರಬಹುದು, ಜೊತೆಗೆ ಒಡ್ಡೂ ಒಡೆಯಬಹುದು. ಹಾಗಾಗಿ ಜುಲೈ ಶುರುವಿನಲ್ಲಿ ತಂತಿಗಳನ್ನು ತಾವೇ ಕತ್ತರಿಸಿಬಿಟ್ಟರು.

ಊರಿನ ಹೆಸರು ಹೇಳಿದರೆ ನೆನಪಾಗುವುದೇ ಆ ಸೇತುವೆ. ಅಂಥದ್ದನ್ನು ಕೈಯಾರೆ ಕತ್ತರಿಸೋದು ಹೇಗಿದ್ದಿರಬೇಕು! ಒಡ್ಡು ನಿಂತಿತು, ಊರು ಉಳಿಯಿತು. 2013ರಲ್ಲಿ ಹೊಸ ಸೇತುವೆ ತೆರೆದರು. ಈಗ ನಾವು ನಡೆಯುವುದು ಇದರ ಮೇಲೆ. ಮಧ್ಯಕ್ಕೆ ಬಂದಾಗ ಯಾರಾದರೂ ಮಕ್ಕಳು ಓಡಿದರೆ ಸಾಕು, ಹೆಜ್ಜೆ ಇಡುವ ಮೊದಲೇ ಹಲಗೆ ಮೇಲೆದ್ದು ಕಾಲಿಗೆ ತಾಗುತ್ತದೆ. ಚಿಕ್ಕಪ್ಪ ಎರಡೂ ಕೈಯಲ್ಲಿ ತಂತಿ ಹಿಡಿದು, "ಲೋ, ಆ ಹುಡುಗರಿಗೆ ನಿಲ್ಲೋಕೆ ಹೇಳೋ" ಅಂತ ಕನ್ನಡದಲ್ಲೇ ಕೂಗಿದರು. ಹುಡುಗರು ನಿಲ್ಲಲಿಲ್ಲ.

ನವಿಲುಗಳಿರುವುದು ವಿಕ್ಟೋರಿಯಾ ಪಾರ್ಕಿನಲ್ಲಿ. ಸಾಕಿದವು. ಆದರೂ ಹಿಮದ ದೇಶದಲ್ಲಿ ನವಿಲು ಕೂಗಿದ್ದು ಕೇಳಿದರೆ ನಮ್ಮವರು ಒಂದು ಕ್ಷಣ ನಿಂತೇ ನಿಲ್ಲುತ್ತಾರೆ. ಸೌಡನ್‌ನ ಮಗ 1910ರ ಹೊತ್ತಿಗೆ ಕಟ್ಟಿಸಿದ ದೊಡ್ಡ ಮನೆ ಈಗ ಹಿಲ್‌ಕ್ರೆಸ್ಟ್ ಮ್ಯೂಸಿಯಂ. ಹಳೇ ಪೀಠೋಪಕರಣ ಇಷ್ಟವಿದ್ದರೆ ಹೋಗಿ, ನನಗೆ ಒಂದು ಸಲ ಸಾಕಾಯಿತು.

ನನ್ನ ಲೆಕ್ಕದಲ್ಲಿ ನಿಜವಾದ ಮಜಾ ಇರುವುದು ಜಲ್ಲಿ ಗುಂಡಿಯಲ್ಲಿ. ಊರಿನ ಕಲ್ಲಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ಪರವಾನಗಿ ತಗೊಂಡರೆ ಅಲ್ಲಿ ಹೋಗಿ ಅಗೇಟ್, ಜಾಸ್ಪರ್ ಎಂಬ ಬಣ್ಣದ ಕಲ್ಲು, ಕಲ್ಲಾಗಿ ಹೋದ ಮರದ ಚೂರು ಹುಡುಕಬಹುದು. ಬಹಳ ಹಿಂದಿನ ನೀರೂ ಹಿಮನದಿಗಳೂ ದೂರದೂರದಿಂದ ತಂದು ಸುರಿದು ಹೋದ ಕಲ್ಲುಗಳಿವು. ಒಣಗಿದ್ದಾಗ ಎಲ್ಲವೂ ಬೂದಿ ಬಣ್ಣ, ಒಂದಕ್ಕೊಂದು ವ್ಯತ್ಯಾಸವೇ ಕಾಣುವುದಿಲ್ಲ. ಅದಕ್ಕೇ ನೀರಿನ ಬಾಟಲಿ ಜೊತೆಗಿರಬೇಕು. ನಾಲ್ಕು ಹನಿ ಬಿದ್ದರೆ ಸಾಕು, ಅಗೇಟ್ ಒಳಗಿನ ಜೇನು ಬಣ್ಣದ ಗೆರೆಗಳು ಎದ್ದು ಬರುತ್ತವೆ.

ಅವತ್ತು ಬಾಟಲಿ ನೀರು ಖಾಲಿಯಾಯಿತು. ಚಿಕ್ಕಪ್ಪ ಕಲ್ಲಿಗೆ ಎಂಜಲು ಹಚ್ಚಿ ನೋಡತೊಡಗಿದರು. ಸಂಜೆ ಆದರೂ ಏಳಲಿಲ್ಲ. ಸೊಳ್ಳೆ ಮುತ್ತಿದ ಮೇಲೆ ನಾನೇ ಎಬ್ಬಿಸಬೇಕಾಯಿತು. ವಾಪಸ್ ಹೋಗುವ ದಿನ ಅವರ ಸೂಟ್‌ಕೇಸ್ ತೂಕ ಎರಡು ಕೆಜಿ ಜಾಸ್ತಿ ಬಂತು. ಕೌಂಟರಿನ ಮುಂದೆಯೇ ಬಿಚ್ಚಿ, ನಾನು ಕೊಡಿಸಿದ್ದ ಜಾಕೆಟ್ ತೆಗೆದು ನನ್ನ ಕೈಗಿಟ್ಟರು.