ಲ್ಯಾಟಿನ್ ಪದ್ಯಕ್ಕ ಗಣ ಹಾಕಿದ್ದು ನಮ್ಮ ದೊಡ್ಡಪ್ಪ

ಲ್ಯಾಟಿನ್ ಕಲೀಬೇಕು ಅಂತ ನನಗೇನೂ ಆಸೆ ಇರ್ಲಿಲ್ಲ. ಬೆಂಗಳೂರಿನ ಕಾಲೇಜಿನ್ಯಾಗ ಒಂದು ವಿದೇಶಿ ಭಾಷಾ ತಗೊಳ್ಳಲೇಬೇಕಿತ್ತು, ಫ್ರೆಂಚ್ ತುಂಬಿತ್ತು, ಜರ್ಮನ್ ತುಂಬಿತ್ತು, ಉಳಿದಿದ್ದು ಇದು. ಮೊದಲನೇ ವರ್ಷ ಹೆಂಗೋ ಶಬ್ದರೂಪದ ಟೇಬಲ್ ಬಾಯಿಪಾಠ ಮಾಡಿ ಪಾಸಾದೆ. ಎರಡನೇ ವರ್ಷ ಅಂದ್ರ 2020, ಲಾಕ್‌ಡೌನ್ ಆಗಿ ಗಂಟುಮೂಟೆ ಕಟ್ಕೊಂಡು ಭಾಗ್ಯನಗರಕ್ಕ ಬಂದೆ (ಕೊಪ್ಪಳಕ್ಕ ಅಂಟಿಕೊಂಡೇ ಐತಿ ನಮ್ಮೂರು), ಅದೇ ವರ್ಷ ಸಿಲಬಸ್‌ನ್ಯಾಗ ಹಳೇ ರೋಮಿನ ಕವಿ ವರ್ಜಿಲ್ ಬಂದ. ಈನೀಡ್ ಅಂತ ಅವನ ಮಹಾಕಾವ್ಯ, 12 ಕಾಂಡ, ಹತ್ತತ್ರ ಹತ್ತು ಸಾವಿರ ಸಾಲು. ನಮಗಿದ್ದಿದ್ದು ಮೊದಲ ಕಾಂಡದ ಒಂದಿಷ್ಟು, ಎರಡನೇದರಾಗ ಒಂದಿಷ್ಟು, ಅಷ್ಟೇ. ಅಷ್ಟಕ್ಕೇ ಸಾಕಾಗಿತ್ತು ಬಿಡ್ರಿ.

ಆನ್‌ಲೈನ್ ಕ್ಲಾಸು. ನಮ್ಮ ಓಣಿಯಾಗ ಲಾಕ್‌ಡೌನ್ ಸಡಿಲಾದ ಮ್ಯಾಲೆ ಮಗ್ಗ ಮತ್ತ ಶುರುವಾಗಿದ್ವು, ನಾನು ಮೈಕ್ ಆನ್ ಮಾಡಿದ್ರ ಸಾಕು ಸರ್ರು "ಯಾರೋ ಟ್ರೈನಿನಲ್ಲಿ ಕೂತಿದ್ದೀರಾ?" ಅಂತ ಕೇಳೋರು. ಹಂಗಾಗಿ ನಾನು ಮಾತೇ ಆಡ್ತಿರ್ಲಿಲ್ಲ. ಇಂಟರ್ನಲ್ಸ್ ಬಂತು, 20ಕ್ಕ 6.

ತೊಂದ್ರೆ ಏನಂದ್ರ, ಪುಸ್ತಕ ಪೂರಾ ಇಂಗ್ಲೀಷಿನ್ಯಾಗ. ಲ್ಯಾಟಿನ್ ಶಬ್ದ ನೋಡು, ಇಂಗ್ಲೀಷ್ ಅರ್ಥ ಹುಡುಕು, ಇಂಗ್ಲೀಷ್ ವಾಕ್ಯದ ಥರ ಜೋಡಿಸು, ಆಮ್ಯಾಲೆ ಅದನ್ನ ನನ್ನ ತಲಿಯಾಗ ಕನ್ನಡಕ್ಕ ತಿರುಗಿಸು. ವಿಶೇಷಣ ಒಂದು ಕಡೆ ಇರ್ತೈತಿ, ಅದು ಸೇರಬೇಕಾದ ನಾಮಪದ ಮೂರು ಶಬ್ದ ದಾಟಿ ಆಚೆ ಕೂತಿರ್ತೈತಿ, ಕರ್ತೃ ಎಲ್ಲೋ ಕ್ರಿಯಾಪದ ಎಲ್ಲೋ.

ಒಂದಿನ ಸಂಜಿಮುಂದ ಮಾಳಿಗಿ ಮ್ಯಾಲೆ ಕೂತು ಇದನ್ನೇ ಹಲುಬ್ತಿದ್ದೆ, ದೊಡ್ಡಪ್ಪ ಒಗ್ಗರಣಿ ಮಿರ್ಚಿ ಪೊಟ್ಟಣ ಹಿಡ್ಕೊಂಡು ಬಂದ್ರು. ಅವ್ರು ಹೈಸ್ಕೂಲ್ ಕನ್ನಡ ಮೇಷ್ಟ್ರಾಗಿ ರಿಟೈರಾದವ್ರು. "ಅನ್ವಯ ಮಾಡ್ಕೊಂಡಿಯೇನವಾ?" ಅಂದ್ರು. ನಾನು ಇದು ಲ್ಯಾಟಿನ್ ದೊಡ್ಡಪ್ಪ ಅಂದೆ. "ಯಾವುದಾದ್ರೇನು, ಪದ್ಯ ಹೌದಿಲ್ಲೋ? ಮೊದ್ಲು ಅನ್ವಯ." ಅನ್ವಯ ಅಂದ್ರ ಪದ್ಯದ ಶಬ್ದಗಳನ್ನ ಗದ್ಯದ ಕ್ರಮಕ್ಕ ಜೋಡಿಸ್ಕೊಳ್ಳೋದು. ನನಗ ನಾಚಿಕಿ ಆತು ಖರೇ ಹೇಳ್ಬೇಕಂದ್ರ, ಯಾಕಂದ್ರ ಪಿಯುಸಿಯಾಗ ಹಳೆಗನ್ನಡ ಪದ್ಯ ಬಂದಾಗ ನಾನು ಅನ್ವಯ ಒಂದೂ ಮಾಡಿರ್ಲಿಲ್ಲ, ಗೈಡ್ ನೋಡಿ ಸಾರಾಂಶ ಬರ್ದು ಮಾರ್ಕ್ಸ್ ತಗೊಂಡಾಕಿ.

ಮೊದಲನೇ ಸಾಲು ಓದು ಅಂದ್ರು. ಓದಿದೆ: ಅರ್ಮ ವಿರುಂಕ್ವೆ ಕನೋ, ತ್ರೋಯೈ ಕ್ವೀ ಪ್ರೀಮುಸ್ ಅಬ್ ಓರೀಸ್. ಅರ್ಮ ಅಂದ್ರ ಆಯುಧ, ವಿರುಂ ಅಂದ್ರ ಗಂಡಸನ್ನ, ಹಿಂದ ಅಂಟಿದ 'ಕ್ವೆ' ಅಂದ್ರ ಮತ್ತು, ಕನೋ ಅಂದ್ರ ಹಾಡ್ತೀನಿ. ಅವ್ರು ಒಂದು ಮಿರ್ಚಿ ಮುಗಿಸಿ ಹೇಳಿದ್ರು, "ಆಯುಧಗಳನ್ನೂ ವೀರನನ್ನೂ ಹಾಡುವೆನು. ಇದರಾಗ ಕಷ್ಟ ಏನೈತಿ?"

ನೋಡಿದ್ರ ಹೌದಲ್ರಿ! ಆ 'ಕ್ವೆ' ನಮ್ಮ 'ಊ' ಹಂಗ ಶಬ್ದದ ಬಾಲಕ್ಕ ಅಂಟ್ತೈತಿ. ಕರ್ಮ ಮೊದ್ಲು, ಕ್ರಿಯಾಪದ ಹಿಂದ. 'ನಾನು' ಅನ್ನೋ ಶಬ್ದಾನೇ ಬೇಡ, ಕನೋ ಅನ್ನೋದರ ಕೊನಿಗೆ 'ಓ' ಐತಲ್ಲ ಅದೇ ನಾನು, ಹಾಡುವೆನು ಅನ್ನೋದರಾಗ 'ಎನು' ಇದ್ದಂಗ. ವಿರ್ ಅನ್ನೋ ಶಬ್ದಾನೂ ಸಂಸ್ಕೃತದ ವೀರನ ಸೋದರ. ಇನ್ನ ಪಂಚಮಿ ವಿಭಕ್ತಿಯಂಥಾದ್ದು ಒಂದು ಐತಿ ಲ್ಯಾಟಿನ್‌ನ್ಯಾಗ, ಅಬ್ಲೇಟಿವ್ ಅಂತಾರ. ಕತ್ತಿಯಿಂದ ಕಡಿದ ಅನ್ನೋಕೂ ಅದೇ, ದಡದಿಂದ ಹೊರಟ ಅನ್ನೋಕೂ ಅದೇ, ಇಂಗ್ಲೀಷ್ ಪುಸ್ತಕ ಇದನ್ನ ಬಿಡಿಸಿ ಹೇಳಾಕ ಎಷ್ಟೋ ಪುಟ ತಗೊಂಡಿತ್ತು. ನಮಗ 'ಇಂದ' ಒಂದೇ ಸಾಕಿತ್ತು. ಪೆನ್ನಿನಿಂದ ಬರದೆ, ಕೊಪ್ಪಳದಿಂದ ಬಂದೆ. ಒಂದು ವರ್ಷ ನಾನು ಇದಕ್ಕ ಅತ್ತಿದ್ದೆ.

ಆದ್ರ ನಿಜವಾದ ಮಜಾ ಛಂದಸ್ಸಿನ್ಯಾಗ ಬಂತು. ನಮ್ಮ ಸಿಲಬಸ್‌ನ್ಯಾಗ ಹೆಕ್ಸಾಮೀಟರ್ ಅಂತ ಇತ್ತು, ಸಾಲಿಗೆ ಆರು ಗಣ, ಒಂದೊಂದೂ ಡ್ಯಾಕ್ಟಿಲ್ ಇಲ್ಲಾ ಸ್ಪಾಂಡಿ. ಡ್ಯಾಕ್ಟಿಲ್ ಅಂದ್ರ ಒಂದು ಉದ್ದ, ಎರಡು ಗಿಡ್ಡ; ಸ್ಪಾಂಡಿ ಅಂದ್ರ ಎರಡೂ ಉದ್ದ. ದೊಡ್ಡಪ್ಪ ನಕ್ಕೇ ನಕ್ರು, "ಯವ್ವಾ ಇದು ಭಗಣ, ಗುರು ಲಘು ಲಘು! ಇನ್ನೊಂದು ಗುರು ಗುರು. ಎರಡೂ ನಾಕು ಮಾತ್ರೆ. ಕಂದಪದ್ಯದ ಗಣ ಇವು." ಒತ್ತಕ್ಷರದ ಹಿಂದಿಂದು ಗುರು ಅನ್ನೋ ನಿಯಮಾನೂ ಅಲ್ಲೈತಿ, ಗುರುತೂ ಅವೇ, ಗುರುವಿಗೆ ಅಡ್ಡಗೆರೆ, ಲಘುವಿಗೆ ಅರ್ಧಚಂದ್ರ. ಅರ್‌ಮವಿ, ರುಂಕ್ವೆಕ, ನೋತ್ರೋ, ಯೈಕ್ವೀ, ಪ್ರೀಮುಸ, ಬೋರೀಸ್. ಬೆರಳು ಮಡಚಿ ಎಣಿಸಿ 24 ಮಾತ್ರೆ ಅಂತ ತೀರ್ಮಾನ ಕೊಟ್ರು. ಮೂರನೇ ಸಾಲಿನ್ಯಾಗ 'ಮುಲ್ತುಂ ಇಲ್ಲೆ ಎತ್' ಅಂತ ಬರ್ತೈತಿ, ಓದುವಾಗ ಮಾತ್ರ ಮುಲ್ತಿಲ್ಲೆತ್, ನಡುವಿನ ಉಂ, ಎ ಎರಡೂ ಹಾರಿಹೋಗ್ತಾವ. ನಾನು ಹೇಳೋದ್ರಾಗ ಅವ್ರು "ಲೋಪಸಂಧಿ" ಅಂದು ಮುಗಿಸಿಬಿಟ್ರು. ಒಂದೇ ಒಂದಕ್ಕ ಅವ್ರಿಗೆ ಸಿಟ್ಟು, ಆದಿಪ್ರಾಸ ಇಲ್ಲ. ಸಾಲಿನ ಎರಡನೇ ಅಕ್ಷರ ನೋಡ್ತಾರ, ಹೊಂದಂಗಿಲ್ಲ, ಮುಂದಿಂದು ನೋಡ್ತಾರ, ಅದೂ ಹೊಂದಂಗಿಲ್ಲ. "ಇಷ್ಟು ಬುದ್ಧಿ ಇದ್ದಾವಗ ಪ್ರಾಸ ಹೆಂಗ ಹೊಳಿಲಿಲ್ಲ?"

ಎರಡನೇ ಕಾಂಡ ಶುರುವಾದಾಗ ಅವ್ವನೂ ಬಂದು ಕೂರಾಕ ಹತ್ತಿದ್ಲು. ಟ್ರಾಯ್ ಊರಿಗೆ ಬೆಂಕಿ ಬಿದ್ದೈತಿ, ಕಥಾನಾಯಕ ಈನಿಯಾಸ ಮುದಿ ಅಪ್ಪನ್ನ ಹೆಗಲ ಮ್ಯಾಲೆ ಹೊತ್ಕೊಂಡು, ಮಗನ ಕೈ ಹಿಡ್ಕೊಂಡು, ಹೆಂಡ್ತಿಗೆ ಮಾತ್ರ ಸ್ವಲ್ಪ ದೂರದಿಂದ ಹಿಂದ ಬಾ ಅಂತ ಹೇಳಿ ಓಡ್ತಾನ. ಊರ ಹೊರಗ ಬಂದು ತಿರುಗಿ ನೋಡಿದ್ರ ಆಕಿ ಇಲ್ಲ. ವಾಪಸ್ ಓಡಿದ್ರ ಸಿಗೋದು ಆಕಿ ಪ್ರೇತ. ದೊಡ್ಡಪ್ಪ ಪಿತೃಭಕ್ತಿ ಅದು ಇದು ಅಂತ ಹೇಳಾಕ ಹತ್ತಿದ್ರು. ಅವ್ವ ಸೊಪ್ಪು ಸೋಸ್ಕೋತ "ಹೆಂಡ್ತೀನ ಯಾಕ ಮುಂದ ಕಳಿಸ್ಲಿಲ್ಲ ಆಂವ?" ಅಂದ್ಲು. ದೊಡ್ಡಪ್ಪಗ ಉತ್ತರ ಹೊಳಿಲಿಲ್ಲ, ನನ್ನ ಪುಸ್ತಕದ ಟಿಪ್ಪಣಿಯಾಗೂ ಇರ್ಲಿಲ್ಲ. ನಾನು ಅದನ್ನೇ ಅಸೈನ್‌ಮೆಂಟ್‌ನ್ಯಾಗ ಬರದೆ, ಅವ್ವನ ಹೆಸರು ಹಾಕ್ಲಿಲ್ಲ ಅಷ್ಟೇ.

ಪಂಪನ್ನ ನಾನು ಓದಿದ್ದು ಆಮ್ಯಾಲೆ, ವರ್ಜಿಲ್ ಮೂಲಕ. ಎಂಥಾ ತಿರುಗಾ ಮುರುಗಾ ನೋಡ್ರಿ. ಪಂಪ ತನ್ನ ರಾಜ ಅರಿಕೇಸರಿನ್ನ ಅರ್ಜುನನ ಜೋಡಿ ಒಂದು ಮಾಡಿದಂಗ ಇಲ್ಲಿ ರೋಮಿನ ಚಕ್ರವರ್ತಿ ಅಗಸ್ಟಸ್‌ನ ವಂಶಾನ ಈನಿಯಾಸನ ಮಗನಿಂದ ತರ್ತಾನ ಕವಿ. ಹೊಗಳೋ ಕೆಲಸ ಇಬ್ರಿಗೂ ಇತ್ತು, ಆದ್ರ ಪಂಪ ಕರ್ಣನ ಮುಂದ ಹೊಗಳಿಕೆ ಮರೆತಂಗ, ವರ್ಜಿಲ್ ಸೋತವ್ರ ಮುಂದ ಮರೀತಾನ ಅಂತ ನನಗ ಅನಸ್ತೈತಿ. ಕಾವ್ಯ ಮುಗಿಯೋದೂ ಜಯಕಾರದಿಂದ ಅಲ್ಲ, ಶರಣು ಬಂದ ವೈರಿ ಟರ್ನಸ್‌ನ ಎದಿಗೆ ಕತ್ತಿ ಇಳಿಸೋದ್ರಿಂದ.

ಹನ್ನೊಂದು ವರ್ಷ ಬರದಿದ್ನಂತ ವರ್ಜಿಲ್, ಆದ್ರೂ ಮುಗಿಲಿಲ್ಲ, ಕ್ರಿ.ಪೂ. 19ರಾಗ ಸಾಯೋ ಮೊದ್ಲು ಸುಟ್ಟುಬಿಡ್ರಿ ಅಂದಿದ್ನಂತ, ಅಗಸ್ಟಸ್ ಬಿಡ್ಲಿಲ್ಲ. ಇದನ್ನ ಹೇಳಿದಾಗ ದೊಡ್ಡಪ್ಪ, "ನಮ್ಮ ಪಂಪ ಆರು ತಿಂಗಳಿನ್ಯಾಗ ಭಾರತ, ಮೂರು ತಿಂಗಳಿನ್ಯಾಗ ಆದಿಪುರಾಣ ಮುಗಿಸೀನಿ ಅಂತಾನ, ಗೊತ್ತೈತಿಲ್ಲೋ" ಅಂತ ಕಾಲರ್ ಎತ್ತಿದ್ರು. ಅರ್ಧಕ್ಕ ನಿಂತ ಸಾಲು ಐವತ್ತಕ್ಕಿಂತ ಹೆಚ್ಚು ಉಳಿದಾವ ಈನೀಡ್‌ನ್ಯಾಗ, ಅವನ್ನ ಮಾತ್ರ ನನ್ನ ಕಡೆಯಿಂದ ಒಂದು ನೋಟ್‌ಬುಕ್ಕಿನ್ಯಾಗ ಕನ್ನಡ ಅಕ್ಷರದಾಗ ಬರೆಸಿಕೊಂಡ್ರು.

ಕೋರ್ಸ್ ಮುಗಿದು ಎಷ್ಟೋ ದಿನ ಆತು, 61 ಬಂತು. ಮೊನ್ನೆ ದೊಡ್ಡಪ್ಪ ಫೋನ್ ಮಾಡಿದ್ರು, ಹಿಂದ ಮಗ್ಗದ ಸಪ್ಪಳ. ಎರಡು ಸಾಲು ಪೂರ್ತಿ ಮಾಡೀನಿ, ಉಳಿದರ್ಧ ಕನ್ನಡದಾಗೈತಿ, 24 ಮಾತ್ರೆ ಸರಿಯಾಗಿ ಬಂದೈತಿ, ಆದಿಪ್ರಾಸಾನೂ ಇಟ್ಟೀನಿ ಅಂದ್ರು.