ಸ್ಟಿಂಟ್ ಡೈರಿ: ಮೂರನೇ ಚಳಿಗಾಲ, ಹೊಸಕೋಟೆ ಕೆರೆ

ಬೆಳಿಗ್ಗೆ ಆರೂವರೆಗೇ ಏರಿ ಮೇಲಿದ್ದೆ. ಮಂಜು ಸರಿಯಲು ಒಂದು ಗಂಟೆ ಹಿಡಿಯಿತು. ನೀರು ಇಳಿದು ಅಂಚಿನಲ್ಲಿ ಕೆಸರು ಹರಡಿದೆ. ಸ್ಟಿಂಟ್ ಎಂಬ ಈ ಪುಟ್ಟ ಕೆಸರು ಹಕ್ಕಿಗಳಿಗೆ ಬೇಕಾದದ್ದೇ ಅದು.

ಈ ವರ್ಷದ ಗುರಿ ಒಂದೇ. ಲಿಟಲ್ ಸ್ಟಿಂಟ್ ಯಾವುದು, ಟೆಮ್ಮಿಂಕ್ಸ್ ಸ್ಟಿಂಟ್ ಯಾವುದು ಅಂತ ಅನುಮಾನವಿಲ್ಲದೆ ಹೇಳಬೇಕು. ಎರಡೂ ಹೆಚ್ಚುಕಮ್ಮಿ ಗುಬ್ಬಚ್ಚಿಯಷ್ಟೇ ಇವೆ. ಎರಡೂ ದೂರದ ಉತ್ತರದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಲಿಟಲ್‌ಗೆ ಕಪ್ಪು ಕಾಲು, ಟೆಮ್ಮಿಂಕ್ಸ್‌ಗೆ ಹಳದಿ-ಹಸಿರು ಕಾಲು ಅಂತ ಎಲ್ಲರೂ ಕಲಿಯುವುದು. ಕಳೆದ ವರ್ಷ ನಾನೂ ಅದನ್ನೇ ನಂಬಿದ್ದೆ. ಆದರೆ ಕೆಸರು ಮೆತ್ತಿಕೊಂಡರೆ ಹಳದಿ ಕಾಲೂ ಕಪ್ಪಗೆ ಕಾಣುತ್ತದೆ ಅಲ್ವಾ? ಕಪ್ಪು ಕಾಲಿನ ಮೇಲೆ ಕೆಸರು ಒಣಗಿದರೆ ಅದು ತಿಳಿ ಬಣ್ಣ. ಮೊನ್ನೆ ಹಳೆಯ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. 11ರಲ್ಲಿ 4 ತಪ್ಪಾಗಿ ಗುರುತಿಸಿದ್ದೆ. ಹಕ್ಕಿ ಕಂಡದ್ದನ್ನು ದಾಖಲಿಸುವ ಈಬರ್ಡ್ ಜಾಲತಾಣದಲ್ಲಿ ನಾಲ್ಕನ್ನೂ ತಿದ್ದಿದ್ದೇನೆ.

ಹಾಗಾಗಿ ಇವತ್ತು ಕಾಲು ಬಿಟ್ಟು ನಡಿಗೆ ನೋಡಿದೆ. ಬಯಲು ಕೆಸರಿನಲ್ಲಿ ಇಪ್ಪತ್ತರಷ್ಟು ಹಕ್ಕಿಗಳ ಗುಂಪು. ಓಡುವುದು, ಕುಕ್ಕುವುದು, ಮತ್ತೆ ಓಡುವುದು. ಎದೆಯ ನಡುವೆ ಬಿಳಿ, ಬದಿಯಲ್ಲಿ ಮಾತ್ರ ಬೂದು. ಬೆನ್ನಿನ ಗರಿಗಳ ನಡುವೆ ಕಪ್ಪು ಛಾಯೆ. ಇವು ಲಿಟಲ್.

ಎಡಕ್ಕೆ, ಜೊಂಡಿನ ಬುಡದಲ್ಲಿ, ಒಂದೇ ಒಂದು ಹಕ್ಕಿ ಬೇರೆ ಥರ ಇತ್ತು. ಮೈ ಬಗ್ಗಿಸಿಕೊಂಡು, ಕಾಲು ಮಡಚಿ, ತೆವಳಿದ ಹಾಗೆ ಮೆಲ್ಲಗೆ ಹೋಗುತ್ತಿತ್ತು. ಬೆನ್ನು ಸಾದಾ ಮಣ್ಣು ಬಣ್ಣ. ಎದೆಗೆ ಅಡ್ಡಲಾಗಿ ಪೂರ್ತಿ ಬೂದು ಪಟ್ಟಿ. ಕಾಲು? ಕೆಸರಲ್ಲಿ ಏನೂ ಗೊತ್ತಾಗಲಿಲ್ಲ. ಇಪ್ಪತ್ತು ನಿಮಿಷ ಸುಮ್ನೆ ಕೂತೆ. ಅಷ್ಟರಲ್ಲಿ ಎಮ್ಮೆಯೊಂದು ನೀರಿಗಿಳಿಯಿತು. ಹಕ್ಕಿ 'ಟಿರ್‍ರ್‍ರ್' ಅಂತ ಒಂದೇ ಎಳೆಯಲ್ಲಿ ಕೂಗುತ್ತಾ ಮೇಲೆದ್ದಿತು. ಬಾಲ ಬಿಚ್ಚಿದಾಗ ಎರಡೂ ಅಂಚು ಅಚ್ಚ ಬಿಳಿ. ಲಿಟಲ್‌ಗೆ ಅಲ್ಲಿ ಬೂದು ಇರುತ್ತದೆ, ಕೂಗೂ ಚಿಕ್ಕದು, 'ಸ್ಟಿಟ್' ಅಂತ. ಟೆಮ್ಮಿಂಕ್ಸ್, ಅನುಮಾನವೇ ಇಲ್ಲ! ಕೈ ನಡುಗಿ ಫೋಟೊ ಮಸುಕಾಯಿತು, ಆದರೂ ಬಾಲದ ಬಿಳಿ ಸಿಕ್ಕಿದೆ.

ಕೆಸರಂಚಿನ ಇನ್ನೊಂದು ಬಗೆಯ ಹಕ್ಕಿಗಳಾದ ಪ್ಲವರ್‌ಗಳು ಈಗ ಅಷ್ಟು ಕಾಡುತ್ತಿಲ್ಲ. ಕಣ್ಣ ಸುತ್ತ ಹಳದಿ ಉಂಗುರ ಇದ್ದರೆ ಲಿಟಲ್ ರಿಂಗ್ಡ್. ಉಂಗುರವಿಲ್ಲದೆ, ಕತ್ತಿನ ಹಿಂದೆ ಬಿಳಿ ಪಟ್ಟಿಯಿದ್ದು, ಎದೆಯ ಪಟ್ಟಿ ನಡುವೆ ತುಂಡಾಗಿದ್ದರೆ ಕೆಂಟಿಶ್.

ಮುಂದಿನ ತಿಂಗಳು ಕುಮಟಾ ಹತ್ತಿರದ ಅಘನಾಶಿನಿ ಅಳಿವೆಗೆ ಹೋಗುತ್ತೇನೆ. ಅಲ್ಲಿ ಸ್ಯಾಂಡ್ ಪ್ಲವರ್‌ಗಳನ್ನು ನೋಡಬೇಕು. ಅವಕ್ಕೆ ಕತ್ತಿನ ಹಿಂದೆ ಬಿಳಿ ಪಟ್ಟಿ ಇರುವುದಿಲ್ಲ. ಅವುಗಳಲ್ಲೇ ಲೆಸ್ಸರ್ ಯಾವುದು, ಗ್ರೇಟರ್ ಯಾವುದು ಅಂತ ಬೇರೆ ಮಾಡಲು ಕೊಕ್ಕಿನ ಉದ್ದ ಅಳೆದು ನೋಡುವಷ್ಟು ಹತ್ತಿರ ಹೋಗಬೇಕು. ಇಳಿತದ ಸಮಯ ನೋಡಿಕೊಂಡು ಬಸ್ಸಿಗೆ ಟಿಕೆಟ್ ಮಾಡಿಸಬೇಕು.